ಹಳೆಯ ಆಟಿಕೆಗಳು ಯಾರ ಹಬ್ಬದ ಕಥೆ ಹೇಳುತ್ತವೆ: ಆಡಿದವರದೋ, ಕೊಟ್ಟವರದೋ?

ಆಟಿಕೆ ಆಸಕ್ತ (ಚರ್ಚೆಯ ಆರಂಭ)

ಎಲ್ಲ ಸದಸ್ಯರಿಗೂ ನಮಸ್ಕಾರ. ನೂರು ವರ್ಷ ದಾಟಿದ ಆಟಿಕೆಯನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸಿದಾಗ ಅದರ ಪಕ್ಕದ ಫಲಕದಲ್ಲಿ ತಯಾರಕರ ಹೆಸರು, ಊರು, ಕಾಲ, ಬಳಸಿದ ವಸ್ತು, ಇಷ್ಟೇ ವಿವರ ಕೊಡುವುದು ರೂಢಿ. ಆ ಆಟಿಕೆ ಯಾವ ಹಬ್ಬಕ್ಕೆ ಮನೆಗೆ ಬಂತು, ಕೊಟ್ಟವರು ಯಾರು, ಮಗುವಿಗೆ ಅದನ್ನು ವರ್ಷವಿಡೀ ಆಡಲು ಬಿಟ್ಟಿದ್ದರೋ ಅಥವಾ ಹಬ್ಬ ಮುಗಿದ ಕೂಡಲೇ ಎತ್ತಿಟ್ಟರೋ ಎಂಬುದು ಅಲ್ಲಿ ಕಾಣುವುದಿಲ್ಲ. ಯುರೋಪು ಮತ್ತು ಅಮೆರಿಕದ ಹಳೆಯ ಆಟಿಕೆಗಳಲ್ಲಿ ದೊಡ್ಡದೊಂದು ಪಾಲು ಚಳಿಗಾಲದ ಹಬ್ಬದ ಉಡುಗೊರೆಯಾಗಿಯೇ ಮನೆ ಸೇರಿದ್ದರಿಂದ, ಹಬ್ಬವನ್ನು ಬಿಟ್ಟು ಆಟಿಕೆಯನ್ನು ಓದಲು ಹೋದರೆ ಅರ್ಧ ಕಥೆ ಮಾತ್ರ ದಕ್ಕುತ್ತದೆ ಎಂದು ನನಗೆ ಅನ್ನಿಸುತ್ತದೆ. ಉಳಿದುಬಂದಿರುವ ಆಟಿಕೆಯು ಮಗುವಿಗೆ ಏನು ಬೇಕಾಗಿತ್ತು ಎಂಬುದಕ್ಕಿಂತ, ಮಗು ಏನಾಗಬೇಕೆಂದು ಹಿರಿಯರು ಬಯಸಿದ್ದರು ಎಂಬುದನ್ನೇ ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಹಳೆಯ ಸಾಕ್ಷಿಯೊಂದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಡಚ್ ಚಿತ್ರಕಾರ ಯಾನ್ ಸ್ಟೇನ್ 1665 ಮತ್ತು 1668ರ ನಡುವೆ ಬರೆದ, ಮಕ್ಕಳಿಗೆ ಉಡುಗೊರೆ ತರುವ ಸಂತ ನಿಕೋಲಾಸನ ಹಬ್ಬದ ಚಿತ್ರದಲ್ಲಿ ಪುಟ್ಟ ಹುಡುಗಿಯೊಬ್ಬಳು ತನಗೆ ಬಂದ ಗೊಂಬೆಯನ್ನು ಅವಚಿಕೊಂಡಿದ್ದಾಳೆ. ಆ ಗೊಂಬೆ ಸಂತ ಯೋಹಾನನದು. ಅವಳ ಅಣ್ಣನೊಬ್ಬ ಅಳುತ್ತಿದ್ದಾನೆ, ಏಕೆಂದರೆ ಅವನ ಬೂಟಿನಲ್ಲಿ ಸಿಕ್ಕಿರುವುದು ಬೆತ್ತದಂತಹ ಕಡ್ಡಿಗಳ ಕಟ್ಟು. ಹಿಂಬದಿಯಲ್ಲಿ ಅಜ್ಜಿ ಪರದೆ ಸರಿಸಿ ಅವನನ್ನು ಕರೆಯುತ್ತಿದ್ದಾಳೆ. ಹೀಗೆ ಒಂದೇ ಕೋಣೆಯಲ್ಲಿ ಬಹುಮಾನ, ಶಿಕ್ಷೆ ಮತ್ತು ಅಜ್ಜಿಯ ಮರುಕ ಮೂರೂ ಇವೆ. ಆ ಕಾಲದ ಡಚ್ ಗಣರಾಜ್ಯದಲ್ಲಿ ಅಧಿಕೃತ ಚರ್ಚ್ ಪ್ರಾಟೆಸ್ಟೆಂಟ್ ಆಗಿತ್ತು, ಸಂತರ ಗೊಂಬೆಗಳನ್ನು ಅದು ಮೆಚ್ಚುತ್ತಿರಲಿಲ್ಲ. ಆದರೂ ಮನೆಯ ಹಬ್ಬದಲ್ಲಿ ಸಂತನ ಗೊಂಬೆ ಉಳಿದಿದೆ. ಸಾರ್ವಜನಿಕ ಧರ್ಮ ಒಂದು ಕಡೆಗೆ ಎಳೆಯುವಾಗ ಮನೆಯ ವಾಡಿಕೆ ಇನ್ನೊಂದು ಕಡೆ ಗಟ್ಟಿಯಾಗಿ ನಿಲ್ಲುವುದನ್ನು ಮಗುವಿನ ಕೈಯಲ್ಲಿರುವ ಈ ವಸ್ತು ತೋರಿಸುತ್ತದೆ. ಇತರ ಸದಸ್ಯರು ಇದನ್ನು ಒಪ್ಪುವಿರಾ?

ಇತಿಹಾಸ ವಿದ್ಯಾರ್ಥಿನಿ

ಬಹುಮಟ್ಟಿಗೆ ಒಪ್ಪುತ್ತೇನೆ. ಹಬ್ಬದ ದಿನವೇ ಸ್ಥಳಾಂತರಗೊಂಡದ್ದನ್ನು ಇದಕ್ಕೆ ಸೇರಿಸಬೇಕು. ಮಕ್ಕಳಿಗೆ ಉಡುಗೊರೆ ಕೊಡುವ ದಿನ ಮೊದಲು ಡಿಸೆಂಬರ್ 6ರ ನಿಕೋಲಾಸನ ದಿನವಾಗಿತ್ತು. ಸಂತರ ಆರಾಧನೆಯನ್ನು ಒಪ್ಪದ, ಪ್ರಾಟೆಸ್ಟೆಂಟ್ ಸುಧಾರಕ ಲೂಥರನ ಅನುಯಾಯಿಗಳ ನಡುವೆ ಅದು ನಿಧಾನವಾಗಿ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಬಂತು, ಕೊಡುವವನು ಬಾಲ ಯೇಸು ಆದ. ನ್ಯೂರೆಂಬರ್ಗಿನ ಪ್ರಸಿದ್ಧ ಕ್ರಿಸ್ಮಸ್ ಸಂತೆಯ ಬಗ್ಗೆ ಸಿಗುವ ಅತ್ಯಂತ ಹಳೆಯ ಪುರಾವೆ 1628ರ ಒಂದು ಮರದ ಡಬ್ಬಿಯ ಮೇಲಿನ ಬರಹ. ಆ ಸಂತೆಯ ಹೆಸರಿನಲ್ಲಿಯೇ ಬಾಲ ಯೇಸು ಇದ್ದಾನೆ. ಕಾನೂನುಕಟ್ಟಳೆಗಿಂತ ಮೊದಲು ಇಂತಹ ಪುಟ್ಟ ಉಡುಗೊರೆಯ ಡಬ್ಬಿಯೇ ನಂಬಿಕೆಯ ಬದಲಾವಣೆಗೆ ಸಾಕ್ಷಿಯಾಗಿ ಉಳಿದಿರುವುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಅಟ್ಲಾಂಟಿಕ್‌ನ ಆಚೆ ಪರಿಸ್ಥಿತಿ ಬೇರೆಯೇ ಆಗಿತ್ತು. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು, 1659ರಲ್ಲಿ ಕ್ರಿಸ್ಮಸ್ ಆಚರಣೆಯನ್ನೇ ನಿಷೇಧಿಸಿ ಐದು ಶಿಲ್ಲಿಂಗ್ ದಂಡ ವಿಧಿಸಿದರು; ಆ ಕಾನೂನು 1681ರವರೆಗೆ ಜಾರಿಯಲ್ಲಿತ್ತು. ಅವರು ವಿರೋಧಿಸಿದ್ದು ಕುಡಿತ, ಗದ್ದಲ, ಬೀದಿಯಲ್ಲಿ ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗಿ ಬೇಡುವುದು ಇವುಗಳಿಂದ ಕೂಡಿದ ವಯಸ್ಕರ ಹಬ್ಬವನ್ನು. ಅದಕ್ಕೆ ಬೈಬಲ್ಲಿನ ಆಧಾರವಿಲ್ಲ ಎಂಬುದು ಅವರ ಇನ್ನೊಂದು ಆಕ್ಷೇಪವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಹಬ್ಬ ಬೀದಿಯಿಂದ ಮನೆಯೊಳಕ್ಕೆ ಬಂದು ಮಕ್ಕಳ ಸುತ್ತ ನೆಲೆಗೊಂಡಿತು. 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ರಾಣಿ ವಿಕ್ಟೋರಿಯಾ, ಆಲ್ಬರ್ಟ್ ಮತ್ತು ಅವರ ಮಕ್ಕಳು ಮೇಜಿನ ಮೇಲಿನ ಕ್ರಿಸ್ಮಸ್ ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚು ಹಾಕಿತು. ಮರದ ಬುಡದಲ್ಲಿ ಆಟಿಕೆಗಳಿವೆ. 1850ರಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದು ಅದೇ ಚಿತ್ರವನ್ನು ಮರುಮುದ್ರಿಸುವಾಗ ರಾಣಿಯ ಕಿರೀಟವನ್ನೂ ಆಲ್ಬರ್ಟನ ಮೀಸೆಯನ್ನೂ ಅಳಿಸಿ ಅವರನ್ನು ಯಾವುದೇ ಅಮೆರಿಕನ್ ಕುಟುಂಬದಂತೆ ಕಾಣಿಸಿತು. ಕಿರೀಟ, ಮೀಸೆ ಎರಡೂ ಹೋದವು, ಆಟಿಕೆಗಳು ಮಾತ್ರ ಇದ್ದಲ್ಲಿಯೇ ಉಳಿದವು. ತಂದೆ, ತಾಯಿ, ಮರ, ಆಟಿಕೆ, ಸುತ್ತ ಮಕ್ಕಳು ಎಂಬ ಈ ಜೋಡಣೆಯೇ ಆದರ್ಶ ಕುಟುಂಬದ ಚಿತ್ರವಾಗಿ ಮಧ್ಯಮ ವರ್ಗದ ಮನೆಗಳಿಗೆ ಹಬ್ಬಿತು. 1870ರಲ್ಲಿ ಕ್ರಿಸ್ಮಸ್ ಅಮೆರಿಕದ ಸಂಯುಕ್ತ ಸರ್ಕಾರದ ರಜಾದಿನವಾಯಿತು.

ಮರಗೆಲಸದವ

ಮಹಾಪ್ರಳಯದಲ್ಲಿ ಪ್ರಾಣಿಗಳನ್ನು ಜೋಡಿಜೋಡಿಯಾಗಿ ಉಳಿಸಿದ ನೋಹನ ನಾವೆಯ ಮರದ ಆಟಿಕೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ವಿಕ್ಟೋರಿಯಾ ಕಾಲದ ಕಟ್ಟುನಿಟ್ಟಿನ ಕ್ರೈಸ್ತ ಮನೆಗಳಲ್ಲಿ ಭಾನುವಾರ ಆಟಿಕೆಗಳನ್ನೆಲ್ಲ ಒಳಗಿಡುತ್ತಿದ್ದರು. ನೋಹನ ನಾವೆ ಬೈಬಲ್ಲಿನ ಕಥೆಯಾದ್ದರಿಂದ ಅದೊಂದಕ್ಕೆ ವಿನಾಯಿತಿ ಇತ್ತು. ಹೀಗಾಗಿ ಅದು ಭಾನುವಾರದ ಆಟಿಕೆ ಎಂದೇ ಪ್ರಸಿದ್ಧವಾಯಿತು. ಮಗು ಪ್ರಾಣಿಗಳನ್ನು ಎರಡೆರಡಾಗಿ ಸಾಲು ನಿಲ್ಲಿಸುತ್ತಾ ಕಥೆ ಕಲಿಯುತ್ತದೆ ಎಂಬುದು ಹಿರಿಯರ ಲೆಕ್ಕ. ಆದರೆ ಮಗುವಿನ ಕೈಗೆ ಆನೆ, ಸಿಂಹ, ಒಂಟೆ ಸಿಕ್ಕಮೇಲೆ ಅವು ಕಥೆಯ ಗೆರೆಯೊಳಗೇ ಇದ್ದವೆಂದು ಹೇಳುವವರು ಯಾರು?

ಈ ಪ್ರಾಣಿಗಳ ತಯಾರಿಕೆಯನ್ನು ತಿಳಿದರೆ ಅವುಗಳ ಮೇಲಿನ ಗೌರವ ಹೆಚ್ಚುತ್ತದೆ. ಜರ್ಮನಿಯ ಸ್ಯಾಕ್ಸನಿ ಸೀಮೆಯ ಅರ್ಟ್ಸ್‌ಗೆಬಿರ್ಗೆ ಬೆಟ್ಟಗಳಲ್ಲಿ ತವರದ ಗಣಿಗಳು ಬರಿದಾಗುತ್ತ ಬಂದಾಗ ಸೈಫನ್ ಮೊದಲಾದ ಹಳ್ಳಿಗಳ ಗಣಿಗಾರರ ಕುಟುಂಬಗಳು ಲೇತ್ ಯಂತ್ರದಲ್ಲಿ ಮರ ಕಡೆಯುವುದನ್ನು ಜೀವನೋಪಾಯ ಮಾಡಿಕೊಂಡವು. ಅಲ್ಲಿನ ಕುಶಲಕರ್ಮಿಗಳು ಒಂದು ವಿಶಿಷ್ಟ ಪದ್ಧತಿಯನ್ನು ರೂಢಿಸಿದರು. ಹಸಿ ಸ್ಪ್ರೂಸ್ ಮರದ ದಿಮ್ಮಿಯ ಬಿಲ್ಲೆಯನ್ನು ಲೇತ್‌ಗೆ ಸಿಕ್ಕಿಸಿ, ಉಳಿಯಿಂದ ಅದರಲ್ಲಿ ಏರುತಗ್ಗುಗಳ ಬಳೆಯಂತಹ ಉಂಗುರವನ್ನು ಕಡೆಯುತ್ತಾರೆ. ಕಡೆಯುವಾಗ ಅದರಲ್ಲಿ ಪ್ರಾಣಿಯ ಆಕಾರ ಕಾಣುವುದಿಲ್ಲ. ಉಂಗುರವನ್ನು ಬಿಲ್ಲೆಯಿಂದ ಬಿಡಿಸಿ, ನಡುವಿನಿಂದ ಹೊರಕ್ಕೆ ಚಾಕುವಿನಿಂದ ಸೀಳಿದಾಗ ಮಾತ್ರ ಪ್ರತಿ ಹೋಳಿನ ಅಡ್ಡಕೊಯ್ತದಲ್ಲಿ ಕುದುರೆಯೋ ಹಸುವೋ ಕಾಣುತ್ತದೆ. ಕಣ್ಣಿಗೆ ಕಾಣದ ಆಕಾರವನ್ನು ಕೈಯ ಲೆಕ್ಕದಲ್ಲಿಯೇ ಹಿಡಿಯಬೇಕಾದ ಈ ವಿದ್ಯೆ ನಿಜಕ್ಕೂ ಅಪೂರ್ವ. ಒಂದೇ ಉಂಗುರದಿಂದ ಹತ್ತಾರು ಪ್ರಾಣಿಗಳು ದೊರೆಯುತ್ತಿದ್ದುದರಿಂದಲೇ ನಾವೆಯು ಸಾಮಾನ್ಯ ಮನೆಗಳಿಗೂ ಎಟುಕುವಂತಾಯಿತು.

ಸಾರ್ವಜನಿಕ ಓದುಗ

ಆಟಿಕೆ ಕೊಂಡ ಕುಟುಂಬದ ಮೌಲ್ಯಗಳ ಬಗ್ಗೆ ಇಷ್ಟು ಮಾತಾಯಿತು. ಅದನ್ನು ತಯಾರಿಸಿದ ಕುಟುಂಬದ ಮೌಲ್ಯ ಯಾವುದು? ಆ ಮನೆಯ ಮಕ್ಕಳಿಗೆ ಹಬ್ಬ ಹೇಗಿತ್ತು?

ಕೂಲಿಯ ಲೆಕ್ಕ

ಈ ಪ್ರಶ್ನೆ ಮೊದಲೇ ಬರಬೇಕಾಗಿತ್ತು. ತುರಿಂಗಿಯಾದ ಸೋನೆಬರ್ಗ್ ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಆಟಿಕೆಗಳ ರಾಜಧಾನಿ ಎನ್ನಿಸಿಕೊಂಡಿತ್ತು. ಅಲ್ಲಿನ ಉದ್ಯಮ ನಿಂತಿದ್ದುದು ಮನೆಗೆಲಸದ ಮೇಲೆ, ಅಂದರೆ ಒಂದು ಕುಟುಂಬ ಕಾಗದದ ಮುದ್ದೆಯನ್ನು ಅಚ್ಚಿಗೆ ಒತ್ತಿ ತಲೆಗಳನ್ನು ಮಾಡಿದರೆ, ಇನ್ನೊಂದು ಕಣ್ಣು ಕೂರಿಸುವುದು, ಮತ್ತೊಂದು ಬಟ್ಟೆ ಹೊಲಿಯುವುದು, ಬೇರೊಂದು ಬಣ್ಣ ಹಚ್ಚುವುದು, ಹೀಗೆ ಕೆಲಸ ಹಂಚಿಹೋಗಿತ್ತು. ವರ್ತಕರು ಕೊಟ್ಟ ದರವೇ ದರ. ಮಲಗುವ ಕೋಣೆ, ಅಡುಗೆಮನೆ ಮತ್ತು ಕಾರ್ಖಾನೆ ಒಂದೇ ಜಾಗವಾಗಿದ್ದ ಆ ಮನೆಗಳಲ್ಲಿ ಶಾಲೆಯಿಂದ ಬಂದ ಮಕ್ಕಳೂ ರಾತ್ರಿಯವರೆಗೆ ದುಡಿಯುತ್ತಿದ್ದರು. ಹಡಗುಗಳು ಹೊರಡುವ ಮುಂಚೆ, ಅಂದರೆ ದೂರದ ಮಕ್ಕಳ ಹಬ್ಬಕ್ಕೆ ತಿಂಗಳುಗಳ ಮೊದಲು, ಈ ದುಡಿತ ತೀವ್ರವಾಗುತ್ತಿತ್ತು. ಮನೆಯೊಳಗಿನ ಉದ್ಯಮಗಳಲ್ಲಿ ತಮ್ಮ ಸ್ವಂತ ಮಕ್ಕಳನ್ನು ದುಡಿಸುವುದಕ್ಕೂ ಮಿತಿ ಹಾಕುವ ಕಾನೂನು ಜರ್ಮನಿಯಲ್ಲಿ ಬಂದದ್ದು 1903ರಲ್ಲಿ. ಮನೆಯ ಬಾಗಿಲು ಮುಚ್ಚಿದ ಮೇಲೆ ಅದನ್ನು ಜಾರಿಗೆ ತರುವುದು ಸುಲಭವಿರಲಿಲ್ಲ.

ಆದ್ದರಿಂದ ಆಟಿಕೆ ಆಸಕ್ತ ಅವರ ವಾದಕ್ಕೆ ನನ್ನದೊಂದು ತಿದ್ದುಪಡಿ ಇದೆ. ಹಳೆಯ ಗೊಂಬೆ ಕೊಟ್ಟವರ ಆಸೆಯನ್ನು ಹೇಳುತ್ತದೆ ಎಂಬುದು ನಿಜ, ಆದರೆ ಅದೇ ಗೊಂಬೆಯಲ್ಲಿ ಎರಡು ಬಾಲ್ಯಗಳಿವೆ. ಬಾಲ್ಯವು ದುಡಿಮೆಯಿಂದ ಮುಕ್ತವಾಗಿರಬೇಕು ಎಂಬ ಹೊಸ ಮೌಲ್ಯವನ್ನು ಕೊಳ್ಳುವ ಮನೆ ಹೆಮ್ಮೆಯಿಂದ ಆಚರಿಸಿದ್ದು, ಆ ಮುಕ್ತಿ ಇಲ್ಲದ ಮಕ್ಕಳ ಕೈಗಳು ಬಣ್ಣ ಹಚ್ಚಿದ ವಸ್ತುವಿನಿಂದ. ಫಲಕದಲ್ಲಿ ಕಂಪನಿಯ ಹೆಸರಿನ ಜೊತೆಗೆ ಈ ಮಾತನ್ನೂ ಬರೆಯಬೇಕು ಎಂದು ಒತ್ತಾಯಿಸುತ್ತೇನೆ.

ರೈಲುಪ್ರಿಯ

ಹಬ್ಬ ಮುಗಿದ ಕೂಡಲೇ ಎತ್ತಿಡುತ್ತಿದ್ದ ಆಟಿಕೆಗಳ ಪ್ರಸ್ತಾಪ ಮೊದಲ ಬರಹದಲ್ಲಿದೆ. ಜರ್ಮನಿಯಲ್ಲಿ ಗೊಂಬೆಯ ಅಡುಗೆಮನೆ ಮತ್ತು ಆಟದ ಪುಟ್ಟ ಅಂಗಡಿ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಅಟ್ಟದಿಂದ ಇಳಿಸಿ, ಹೊಸ ಪಾತ್ರೆ ಅಥವಾ ಹೊಸ ಪರದೆ ಸೇರಿಸಿ, ಕ್ರಿಸ್ಮಸ್ ಸಮಯದಲ್ಲಿ ಮಕ್ಕಳ ಮುಂದಿಟ್ಟು, ಜನವರಿಯಲ್ಲಿ ಮತ್ತೆ ಕಟ್ಟಿಡುವುದು ಅನೇಕ ಮನೆಗಳ ವಾಡಿಕೆಯಾಗಿತ್ತು. ಅಜ್ಜಿಯದು ತಾಯಿಗೆ, ತಾಯಿಯದು ಮಗಳಿಗೆ ಬರುತ್ತಿತ್ತು. ಇಂತಹ ಒಂದೇ ಅಡುಗೆಮನೆಯಲ್ಲಿ ಮೂರು ತಲೆಮಾರಿನ ಪಾತ್ರೆಗಳು ಸಿಕ್ಕಿದರೆ ಸಂಗ್ರಾಹಕರು ಅದನ್ನು ಕಲಬೆರಕೆ ಎಂದು ಕಡೆಗಣಿಸುತ್ತಾರೆ. ನನಗೆ ಅದೇ ಅದರ ನಿಜವಾದ ಬೆಲೆ. ಹುಡುಗಿ ಗೃಹಕೃತ್ಯ ಕಲಿಯಲಿ ಎಂಬ ಉದ್ದೇಶವೂ ಅಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ.

1859ರಲ್ಲಿ ಜರ್ಮನಿಯ ಗೊಪ್ಪಿಂಗೆನ್‌ನಲ್ಲಿ ಆರಂಭವಾದ ಮ್ಯಾರ್ಕ್ಲಿನ್ ಕಂಪನಿಯೂ ಮೊದಲು ಮಾಡುತ್ತಿದ್ದುದು ಈ ಅಡುಗೆಮನೆಗಳ ತಗಡಿನ ಪಾತ್ರೆಗಳನ್ನೇ. ಗೊಂಬೆಯ ಅಡುಗೆಮನೆಗೆ ಪ್ರತಿ ಹಬ್ಬಕ್ಕೆ ಒಂದೊಂದು ವಸ್ತು ಸೇರಿಸುವ ವಾಡಿಕೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅವರು ನಿಗದಿತ ಅಳತೆಯ ಹಳಿಗಳುಳ್ಳ, ಕೀಲಿ ಕೊಟ್ಟು ಓಡಿಸುವ ರೈಲನ್ನು ತಂದರು. ಈ ವರ್ಷ ಎಂಜಿನ್ ಮತ್ತು ವೃತ್ತಾಕಾರದ ಹಳಿ, ಮುಂದಿನ ವರ್ಷ ಎರಡು ಡಬ್ಬಿ, ಅದರಾಚೆ ನಿಲ್ದಾಣ ಎಂಬಂತೆ ಆಟಿಕೆಯು ಹಬ್ಬದಿಂದ ಹಬ್ಬಕ್ಕೆ ಬೆಳೆಯುವುದು ಸಾಧ್ಯವಾಯಿತು. ಹುಡುಗನ ರೈಲಿಗೂ ಹುಡುಗಿಯ ಅಡುಗೆಮನೆಗೂ ಇರುವ ಈ ನಂಟನ್ನು ಯಾರೂ ಹೆಚ್ಚು ಗಮನಿಸಿದಂತಿಲ್ಲ.

ಅಮೆರಿಕದ ಲಯನಲ್ ಕಂಪನಿಯ ಕಥೆ ಇನ್ನೊಂದು ಬಗೆಯದು. 1900ರಲ್ಲಿ ಆರಂಭವಾದಾಗ ಅದರ ಸ್ಥಾಪಕ ಜೋಶುವಾ ಲಯನಲ್ ಕೋವನ್ ವಿದ್ಯುತ್ ಬಂಡಿಯನ್ನು ಮಾಡಿದ್ದು ಅಂಗಡಿ ಕಿಟಕಿಯಲ್ಲಿ ಜನರನ್ನು ಸೆಳೆಯುವುದಕ್ಕಾಗಿ. ಗಿರಾಕಿಗಳು ಕಿಟಕಿಯಲ್ಲಿದ್ದ ಸರಕಿನ ಬದಲು ಬಂಡಿಯನ್ನೇ ಕೇಳಿದರು. ಮುಂದೆ ಅದರ ಜಾಹೀರಾತುಗಳೆಲ್ಲ ತಂದೆಯೂ ಮಗನೂ ನೆಲದ ಮೇಲೆ ಕುಳಿತು ಆಡುವ ಚಿತ್ರದ ಸುತ್ತ ರೂಪುಗೊಂಡವು. ಕ್ರಿಸ್ಮಸ್ ಮರದ ಸುತ್ತ ಓಡುವ ರೈಲು, ಕಚೇರಿಯಲ್ಲಿ ದಿನವಿಡೀ ಕಳೆಯುವ ತಂದೆಯನ್ನು ವರ್ಷಕ್ಕೊಮ್ಮೆಯಾದರೂ ಮಗನ ಪಕ್ಕದಲ್ಲಿ ಕೂರಿಸುವ ಸಾಧನವಾಯಿತು. 1957ರಲ್ಲಿ ಅವರು ಹುಡುಗಿಯರಿಗೆಂದು ನಸುಗುಲಾಬಿ ಎಂಜಿನ್ನಿನ, ತಿಳಿಬಣ್ಣದ ಡಬ್ಬಿಗಳ ರೈಲು ತಂದಾಗ ಅದನ್ನು ಕೊಳ್ಳುವವರೇ ಇರಲಿಲ್ಲ. ಹುಡುಗಿಯರು ರೈಲನ್ನು ಬೇಡವೆನ್ನಲಿಲ್ಲ; ನಿಜವಾದ ರೈಲಿನ ಬಣ್ಣವಿಲ್ಲದ ರೈಲನ್ನು ಬೇಡವೆಂದರು ಎಂಬುದು ನನ್ನ ಅಭಿಪ್ರಾಯ. ಅಂದು ಮಾರಾಟವಾಗದ ಆ ಸೆಟ್ಟುಗಳು ವಿರಳವಾದ್ದರಿಂದಲೇ ಇಂದು ಸಂಗ್ರಾಹಕರಿಗೆ ಅಮೂಲ್ಯವಾಗಿವೆ.

ಸಾರ್ವಜನಿಕ ಓದುಗ

ಕೊನೆಯ ವಾಕ್ಯ ಈ ಚರ್ಚೆಯ ಬುಡವನ್ನೇ ಅಲುಗಾಡಿಸುತ್ತದೆಯಲ್ಲವೇ? ಮಕ್ಕಳು ಇಷ್ಟಪಟ್ಟದ್ದು ಸವೆದು, ಮುರಿದು, ಒಲೆಗೆ ಹೋಯಿತು. ಇಷ್ಟಪಡದೇ ಬಿಟ್ಟದ್ದು, ಮುಟ್ಟಬಾರದೆಂದು ಹಿರಿಯರು ಕಪಾಟಿನಲ್ಲಿಟ್ಟದ್ದು, ಬೇಗನೆ ತೀರಿಕೊಂಡ ಮಗುವಿನದೆಂದು ಜೋಪಾನ ಮಾಡಿದ್ದು ಉಳಿಯಿತು. ಹಾಗಿರುವಾಗ ಉಳಿದುಬಂದ ಆಟಿಕೆಗಳಿಂದ ಇಡೀ ಕಾಲದ ಕುಟುಂಬಗಳನ್ನು ಅಳೆಯುವುದು ಹೇಗೆ? ಬಡವರ ಮನೆಯ ಚಿಂದಿ ಬಟ್ಟೆಯ ಗೊಂಬೆ ಎಷ್ಟು ಸಂಗ್ರಹಾಲಯಗಳಲ್ಲಿದೆ?

ಇತಿಹಾಸ ವಿದ್ಯಾರ್ಥಿನಿ

ಸರಿಯಾದ ಆಕ್ಷೇಪ. ಅಮೆರಿಕದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ವಸ್ತುಸಂಗ್ರಹಾಲಯದ ರಾಷ್ಟ್ರೀಯ ಆಟಿಕೆ ಗೌರವ ಪಟ್ಟಿಗೆ 2005ರಲ್ಲಿ ರಟ್ಟಿನ ಪೆಟ್ಟಿಗೆಯನ್ನೂ 2008ರಲ್ಲಿ ಕೋಲನ್ನೂ ಸೇರಿಸಿದರು. ಮಕ್ಕಳು ಅತಿ ಹೆಚ್ಚು ಕಾಲ ಆಡಿದ ಆಟಿಕೆಗೆ ಪ್ರಾಚೀನ ಮಾದರಿಯೇ ಉಳಿದಿಲ್ಲ ಎಂಬುದನ್ನು ಒಂದು ಸಂಸ್ಥೆ ಹೀಗೆ ಗುರುತಿಸಿತು. ಆದರೆ ಇದರಿಂದ ಮೊದಲ ವಾದ ಬೀಳುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಜೋಪಾನವಾಗಿ ಉಳಿದ ಆಟಿಕೆ ಕೊಟ್ಟವರ ಮತ್ತು ಕಾಪಾಡಿದವರ ಸಾಕ್ಷಿ. ಮಕ್ಕಳ ಸಾಕ್ಷಿ ಬೇಕಾದರೆ ಸವೆತವನ್ನು ಓದಬೇಕು: ಉದುರಿದ ರೋಮ, ಹೊಲಿದು ಸರಿಪಡಿಸಿದ ಪಂಜ, ಒಂದೇ ಕಡೆ ಬಣ್ಣ ಹೋದ ಕುದುರೆಯ ಬೆನ್ನು.

ಗೊಂಬೆಮನೆ

ಸವೆತದ ಮಾತು ಬಂದದ್ದರಿಂದ ಗೊಂಬೆಗಳ ಕಡೆಗೆ ಬರುತ್ತೇನೆ, ಏಕೆಂದರೆ ಹೆಣ್ಣುಮಕ್ಕಳ ಬಗೆಗಿನ ನಿರೀಕ್ಷೆ ಬದಲಾದುದನ್ನು ಅವುಗಳಷ್ಟು ನೇರವಾಗಿ ಬೇರಾವುದೂ ಹೇಳುವುದಿಲ್ಲ. 1860ರ ದಶಕದ ಪ್ಯಾರಿಸ್ ಗೊಂಬೆ ವಯಸ್ಕ ಹೆಂಗಸು. ಅವಳ ಟ್ರಂಕಿನಲ್ಲಿ ಉಡುಪು, ಕೈಗವಸು, ಪುಟ್ಟ ಭೇಟಿ ಚೀಟಿಗಳೂ ಇರುತ್ತಿದ್ದವು. ಸಭ್ಯ ಸಮಾಜದಲ್ಲಿ ನಡೆದುಕೊಳ್ಳುವುದನ್ನು ಹುಡುಗಿ ಅವಳ ಮೂಲಕ ಕಲಿಯಬೇಕಾಗಿತ್ತು. 1870ರ ದಶಕದ ಕೊನೆಯಿಂದ ಜುಮೋ ಮೊದಲಾದ ಫ್ರೆಂಚ್ ತಯಾರಕರು ಮಗುವಿನ ಮುಖದ ಗೊಂಬೆಗಳತ್ತ ತಿರುಗಿದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಜರ್ಮನಿಯಲ್ಲಿ ಅಳುವ, ಮುಖ ಗಂಟಿಕ್ಕುವ, ನಿಜವಾದ ಶಿಶುವನ್ನು ಹೋಲುವ ಗೊಂಬೆಗಳು ಬಂದವು. ಈಗ ಹುಡುಗಿ ಕಲಿಯಬೇಕಾದದ್ದು ತಾಯ್ತನ. 1959ರಲ್ಲಿ ನ್ಯೂಯಾರ್ಕ್ ಆಟಿಕೆ ಮೇಳದಲ್ಲಿ ಬಾರ್ಬಿ ಕಾಣಿಸಿಕೊಂಡಾಗ ವಯಸ್ಕ ಹೆಂಗಸಿನ ಗೊಂಬೆ ಹಿಂತಿರುಗಿತು, ಆದರೆ ಈ ಸಲ ಅವಳಿಗೆ ಮನೆಯ ಹೊರಗೂ ಒಂದು ಬದುಕಿತ್ತು. ಸುಮಾರು ನೂರು ವರ್ಷಗಳಲ್ಲಿ ಹುಡುಗಿಯ ಮುಂದಿಟ್ಟ ಭವಿಷ್ಯ ಹೀಗೆ ಮೂರು ಸಲ ಬದಲಾಗಿದೆ.

ಈ ನಡುವೆ ಕರಡಿ ಬಂತು. 1902ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ (ಟೆಡ್ಡಿ) ರೂಸ್‌ವೆಲ್ಟ್ ಮಿಸಿಸಿಪ್ಪಿಯಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹಾರಿಸಲು ನಿರಾಕರಿಸಿದ ಪ್ರಸಂಗದ ವ್ಯಂಗ್ಯಚಿತ್ರದಿಂದ ಬ್ರೂಕ್ಲಿನ್ನಿನ ಮಿಕ್ಟಮ್ ದಂಪತಿಗಳ ಟೆಡ್ಡಿ ಹುಟ್ಟಿತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಮಾರ್ಗರೆಟ್ ಷ್ಟೈಫ್ ಅವರ ಕಾರ್ಯಾಗಾರವೂ ಕೀಲುಗಳುಳ್ಳ ಕರಡಿಯನ್ನು ರೂಪಿಸಿತ್ತು. ಹುಡುಗರೂ ಅಪ್ಪಿಕೊಂಡು ಮಲಗಬಹುದಾದ ಆಟಿಕೆಯೊಂದಕ್ಕೆ ಮನೆಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. 1907ರಲ್ಲಿ ಮಿಷಿಗನ್‌ನ ಪಾದ್ರಿಯೊಬ್ಬರು ಗೊಂಬೆಯ ಬದಲು ಕರಡಿ ಕೊಟ್ಟರೆ ಹುಡುಗಿಯರಲ್ಲಿ ತಾಯ್ತನದ ಪ್ರವೃತ್ತಿಯೇ ನಶಿಸುತ್ತದೆ ಎಂದು ಎಚ್ಚರಿಸಿದರು. ಆಟಿಕೆಯಲ್ಲಿ ಸಮಾಜವು ಎಷ್ಟು ಭಾರವನ್ನು ಹೊರಿಸಿತ್ತು ಎಂಬುದಕ್ಕೆ ಈ ಆತಂಕವೇ ಸಾಕ್ಷಿ.

ನೋವಿನ ಪುಟವೊಂದನ್ನೂ ತೆರೆಯಬೇಕು. 1870ರ ದಶಕದಿಂದ ಅಮೆರಿಕದಲ್ಲಿ ಎರಕದ ಕಬ್ಬಿಣದ ಯಾಂತ್ರಿಕ ಹುಂಡಿಗಳು ಜನಪ್ರಿಯವಾದವು. ನಾಣ್ಯವಿಟ್ಟು ಗುಂಡಿ ಒತ್ತಿದರೆ ಬೊಂಬೆ ಅದನ್ನು ನುಂಗುತ್ತದೆ. ಮಿತವ್ಯಯ ಕಲಿಸುವುದು ಉದ್ದೇಶ. ಅವುಗಳಲ್ಲಿ ಅನೇಕವು ಕಪ್ಪು ಜನರನ್ನು ವಿಕಾರವಾಗಿ ಚಿತ್ರಿಸಿದವು. ಉಳಿತಾಯ ಮತ್ತು ಜನಾಂಗೀಯ ಅವಹೇಳನ, ಎರಡನ್ನೂ ಒಂದೇ ಗುಂಡಿ ಕಲಿಸಿತು. ಇದಕ್ಕೆ ಉತ್ತರವಾಗಿ ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ನ್ಯಾಷ್‌ವಿಲ್‌ನ ರಿಚರ್ಡ್ ಹೆನ್ರಿ ಬಾಯ್ಡ್ ಅವರು ಕಪ್ಪು ಮಕ್ಕಳಿಗೆ ಘನತೆಯುಳ್ಳ ಗೊಂಬೆಗಳನ್ನು ಒದಗಿಸುವ ಕಂಪನಿ ಕಟ್ಟಿದರು. ಇಂತಹ ಹುಂಡಿಗಳನ್ನು ಪ್ರದರ್ಶನದಿಂದ ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ಅವು ಮಕ್ಕಳ ಹಬ್ಬದ ಉಡುಗೊರೆಗಳಾಗಿದ್ದವು ಎಂಬುದನ್ನು ಮರೆಮಾಚದೆ ಇಡಬೇಕು.

ಕೂಲಿಯ ಲೆಕ್ಕ

ಯುದ್ಧಕಾಲದ ಬಗ್ಗೆ ಸಂಕ್ಷೇಪವಾಗಿ. 1914ರಲ್ಲಿ ಜರ್ಮನ್ ಆಟಿಕೆಗಳ ಆಮದು ನಿಂತಾಗ ಬ್ರಿಟನ್ನಿನಲ್ಲಿ ಲಾರ್ಡ್ ರಾಬರ್ಟ್ಸ್ ಹೆಸರಿನ ಕಾರ್ಯಾಗಾರಗಳಲ್ಲಿ ಗಾಯಗೊಂಡ ಸೈನಿಕರು ಮಕ್ಕಳಿಗಾಗಿ ಆಟಿಕೆಗಳನ್ನು ಮಾಡಿದರು. 1918ರಲ್ಲಿ ಅಮೆರಿಕದ ರಾಷ್ಟ್ರೀಯ ರಕ್ಷಣಾ ಮಂಡಳಿ ಕ್ರಿಸ್ಮಸ್ ಉಡುಗೊರೆಗಳಿಗೇ ತಡೆ ಹಾಕಲು ಆಲೋಚಿಸಿತು. ಲೋಹದ ತುಂಡುಗಳನ್ನು ಜೋಡಿಸಿ ಕಟ್ಟುವ ಎರೆಕ್ಟರ್ ಸೆಟ್ ಆಟಿಕೆಯ ತಯಾರಕ ಎ.ಸಿ. ಗಿಲ್ಬರ್ಟ್ ಆಟಿಕೆಗಳ ಚೀಲವನ್ನೇ ಸಭೆಗೆ ಒಯ್ದು, ದೇಶದ ನಾಳಿನ ಎಂಜಿನಿಯರುಗಳೂ ಸೈನಿಕರೂ ಇವುಗಳಿಂದಲೇ ತಯಾರಾಗುತ್ತಾರೆ ಎಂದು ವಾದಿಸಿ ತೀರ್ಮಾನವನ್ನು ಬದಲಿಸಿದರು. ಮಕ್ಕಳ ಸಂತೋಷವೊಂದೇ ಸಾಕಷ್ಟು ಕಾರಣವಾಗಲಿಲ್ಲ, ದೇಶದ ಉಪಯೋಗ ತೋರಿಸಬೇಕಾಯಿತು ಎಂಬುದನ್ನು ಗಮನಿಸಿ. 1945ರಲ್ಲಿ ಸೋತ ಜಪಾನಿನ ಓತ್ಸುವಿನಲ್ಲಿ ಅಮೆರಿಕನ್ ಸೈನ್ಯ ಎಸೆದ ತಗಡಿನ ಡಬ್ಬಿಗಳನ್ನು ಕತ್ತರಿಸಿ ಆಟಿಕೆ ಜೀಪುಗಳನ್ನು ಮಾಡಿದರು. ಬೀದಿಯಲ್ಲಿ ಓಡಾಡುವ ಗೆದ್ದವರ ವಾಹನವೇ ಮಕ್ಕಳ ಕೈಗೆ ಬಂತು.

ಗೊಂಬೆಮನೆ

ಜಪಾನಿನ ಪ್ರಸ್ತಾಪ ಬಂದದ್ದರಿಂದ, ಎರಡು ಹಬ್ಬಗಳು ಗೊಂಬೆಗಳ ಮೂಲಕ ಮುಖಾಮುಖಿಯಾದ ಪ್ರಸಂಗವನ್ನು ಹೇಳಲೇಬೇಕು. ಮಾರ್ಚ್ 3ರ ಹಿನಾ ಹಬ್ಬದಲ್ಲಿ ಹೆಣ್ಣುಮಗುವಿನ ಕ್ಷೇಮಕ್ಕಾಗಿ ಚಕ್ರವರ್ತಿ ದಂಪತಿಯನ್ನೂ ಆಸ್ಥಾನದವರನ್ನೂ ಪ್ರತಿನಿಧಿಸುವ ಗೊಂಬೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸುತ್ತಾರೆ. ಅವು ಆಡುವುದಕ್ಕಲ್ಲ, ನೋಡುವುದಕ್ಕೆ. 1924ರ ವಲಸೆ ಕಾನೂನು ಜಪಾನೀಯರಿಗೆ ಅಮೆರಿಕದ ಬಾಗಿಲು ಮುಚ್ಚಿದ ಮೇಲೆ, ಜಪಾನಿನಲ್ಲಿ ಧರ್ಮಪ್ರಚಾರಕರಾಗಿದ್ದ ಸಿಡ್ನಿ ಗ್ಯುಲಿಕ್ ಅವರು ಮಕ್ಕಳ ಮೂಲಕ ಸ್ನೇಹ ಬೆಳೆಸೋಣವೆಂದು ಮುಂದೆ ಬಂದರು. 1927ರ ಹಿನಾ ಹಬ್ಬಕ್ಕೆ ಅಮೆರಿಕದ ಮಕ್ಕಳಿಂದ 12,000ಕ್ಕೂ ಹೆಚ್ಚು ಗೊಂಬೆಗಳು ಜಪಾನಿನ ಶಾಲೆಗಳಿಗೆ ಹೋದವು. ಅದೇ ವರ್ಷದ ಕೊನೆಗೆ ಉದ್ಯಮಿ ಶಿಬುಸಾವಾ ಎಯಿಚಿ ಅವರ ನೇತೃತ್ವದಲ್ಲಿ ಜಪಾನ್ 58 ದೊಡ್ಡ ಗೊಂಬೆಗಳನ್ನು ಪ್ರತಿಯಾಗಿ ಕಳುಹಿಸಿತು.

ಯುದ್ಧ ಬಂದಾಗ ನೀಲಿ ಕಣ್ಣಿನ ಆ ಗೊಂಬೆಗಳನ್ನು ಶತ್ರುವಿನವೆಂದು ನಾಶಮಾಡಲಾಯಿತು. ಇಂದು ಜಪಾನಿನಲ್ಲಿ ಸುಮಾರು 300 ಮಾತ್ರ ಉಳಿದಿವೆ, ಅವುಗಳಲ್ಲಿ ಹಲವನ್ನು ಶಿಕ್ಷಕರು ಬಚ್ಚಿಟ್ಟು ಕಾಪಾಡಿದ್ದರು. ಸಾರ್ವಜನಿಕ ಓದುಗ ಅವರು ಉಳಿದುಬಂದ ಆಟಿಕೆಗಳನ್ನು ನಂಬುವುದು ಹೇಗೆ ಎಂದು ಕೇಳಿದ್ದರು. ಇಲ್ಲಿ ಉಳಿದದ್ದೇ ಒಂದು ನಿಲುವು. ಆಜ್ಞೆಯನ್ನು ಮೀರಿ ಗೊಂಬೆಯನ್ನು ಬಚ್ಚಿಟ್ಟ ಶಿಕ್ಷಕರು ಯಾವ ಮೌಲ್ಯವನ್ನು ಕಾಪಾಡಿದರು ಎಂಬುದಕ್ಕೆ ಆ ಗೊಂಬೆಗಿಂತ ಬೇರೆ ದಾಖಲೆ ಬೇಕಿಲ್ಲ.

ರೈಲುಪ್ರಿಯ

ಇದನ್ನು ಓದಿ ಮನಸ್ಸು ತುಂಬಿತು. ಅಂಗಡಿ ಮತ್ತು ಜಾಹೀರಾತಿನ ಪಾತ್ರದ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಅಮೆರಿಕದ ಸಿಯರ್ಸ್ ಕಂಪನಿ 1933ರಲ್ಲಿ ಮೊದಲ ಕ್ರಿಸ್ಮಸ್ ಕ್ಯಾಟಲಾಗ್ ತಂದಾಗ ಅದರಲ್ಲಿ ಗೊಂಬೆ, ಲಯನಲ್ ರೈಲುಗಳ ಜೊತೆಗೆ ಚಾಕೊಲೇಟ್ ಪೆಟ್ಟಿಗೆ, ಹಾಡುವ ಕ್ಯಾನರಿ ಹಕ್ಕಿಗಳೂ ಇದ್ದವು. ಅದು ಇಡೀ ಮನೆಗೆ ಬಂದ ಪುಸ್ತಕ. ತಂದೆತಾಯಿ, ಮಕ್ಕಳು ಒಟ್ಟಿಗೆ ಪುಟ ತಿರುವುತ್ತಿದ್ದರು. 1952ರಲ್ಲಿ, ಆಲೂಗಡ್ಡೆಗೆ ಕಣ್ಣು ಮೂಗು ಸಿಕ್ಕಿಸಿ ಮುಖ ಮಾಡುವ ಮಿಸ್ಟರ್ ಪೊಟೇಟೊ ಹೆಡ್ ಟಿ.ವಿ.ಯಲ್ಲಿ ಜಾಹೀರಾತಾದ ಮೊದಲ ಆಟಿಕೆಯಾಯಿತು. ಮಾರುವವನು ತಂದೆತಾಯಿಯನ್ನು ದಾಟಿ ಮಗುವಿನೊಡನೆ ನೇರವಾಗಿ ಮಾತಾಡತೊಡಗಿದ್ದು ಅಲ್ಲಿಂದ. ಹಾಗಾಗಿ ಆಟಿಕೆಯು ಕೊಟ್ಟವರ ಮನಸ್ಸನ್ನು ಹೇಳುತ್ತದೆ ಎಂಬ ಮೂಲ ವಾದವು ಸುಮಾರು 1950ರವರೆಗಿನ ವಸ್ತುಗಳಿಗೆ ಮಾತ್ರ ಚೆನ್ನಾಗಿ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಅದರ ನಂತರದ ಆಟಿಕೆಯಲ್ಲಿ ಕೊಟ್ಟವರು, ಕೇಳಿದವರು, ಕೇಳುವಂತೆ ಮಾಡಿದವರು ಮೂವರೂ ಇದ್ದಾರೆ.

ಆಟಿಕೆ ಆಸಕ್ತ

ಎಲ್ಲರಿಗೂ ಕೃತಜ್ಞತೆಗಳು. ರೈಲುಪ್ರಿಯ ಅವರು ಹಾಕಿದ ಕಾಲದ ಗಡಿಯನ್ನೂ ಕೂಲಿಯ ಲೆಕ್ಕ ಅವರ ಎರಡು ಬಾಲ್ಯಗಳ ಮಾತನ್ನೂ ನಾನು ಪೂರ್ಣವಾಗಿ ಒಪ್ಪುತ್ತೇನೆ. ನಮ್ಮಲ್ಲಿ ಕೆಲವರು ಸಂಗ್ರಹಗಳಿಗೆ ವಿವರಣೆ ಬರೆಯುವವರು ಇರುವುದರಿಂದ ಕೆಲಸಕ್ಕೆ ಬರುವ ಎರಡು ವಿಷಯಗಳನ್ನು ಹೇಳುತ್ತೇನೆ.

ಕಾಲ ನಿರ್ಣಯಕ್ಕೆ ದೇಶದ ಹೆಸರಿನ ಮುದ್ರೆ ನೆರವಾಗುತ್ತದೆ. ಅಮೆರಿಕದ 1890ರ ಸುಂಕ ಕಾಯಿದೆಯ ಪ್ರಕಾರ 1891ರಿಂದ ಆಮದು ವಸ್ತುಗಳ ಮೇಲೆ ಮೂಲ ದೇಶದ ಹೆಸರು ಇರಬೇಕಾಗಿತ್ತು. ಆದ್ದರಿಂದ ದೇಶದ ಮುದ್ರೆಯುಳ್ಳ ಗೊಂಬೆ ಹೆಚ್ಚಾಗಿ ಆ ನಂತರದ್ದು. ಮುದ್ರೆ ಇಲ್ಲದಿರುವುದು ಮಾತ್ರ ಹಳೆಯದೆಂಬುದಕ್ಕೆ ಪುರಾವೆಯಲ್ಲ, ಏಕೆಂದರೆ ಅನೇಕ ಬಾರಿ ಅದು ಡಬ್ಬಿಯ ಮೇಲೆ ಅಥವಾ ಅಂಟಿಸಿದ ಚೀಟಿಯ ಮೇಲೆ ಮಾತ್ರ ಇರುತ್ತಿತ್ತು. ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು ಎಂಬ ಮುದ್ರೆಯಿದ್ದರೆ ಅದು ಎರಡನೆಯ ಮಹಾಯುದ್ಧದ ನಂತರದಿಂದ 1952ರವರೆಗಿನ ಅವಧಿಯದು.

ಎರಡನೆಯದು ದಾಖಲೆಯ ಬಗ್ಗೆ. ತಯಾರಕರು, ವಸ್ತು, ಅಳತೆ ಎಂಬ ಕಲಂಗಳ ಜೊತೆಗೆ ಕೊಟ್ಟವರು, ಪಡೆದವರು, ಯಾವ ಹಬ್ಬ, ಎಲ್ಲೆಲ್ಲಿ ಸವೆದಿದೆ, ಯಾರು ದುರಸ್ತಿ ಮಾಡಿದರು, ಇಷ್ಟು ವರ್ಷ ಯಾರ ಬಳಿ ಇತ್ತು ಎಂಬ ಕಲಂಗಳನ್ನೂ ಇಡೋಣ. ತಿಳಿಯದಿದ್ದರೆ ಖಾಲಿ ಬಿಡಬಹುದು, ಆದರೆ ಊಹೆಯನ್ನು ತುಂಬುವುದು ಬೇಡ. ಹಬ್ಬದ ದಿನದ ಹಳೆಯ ಛಾಯಾಚಿತ್ರಗಳಿದ್ದರೆ ಮಕ್ಕಳ ಕಾಲ ಬಳಿ, ಮರದ ಬುಡದಲ್ಲಿ ಅದೇ ಆಟಿಕೆ ಕಾಣುತ್ತದೆಯೇ ಎಂದು ಭೂತಗನ್ನಡಿಯಿಂದ ನೋಡಿ. ಹಳೆಯ ಬಣ್ಣವನ್ನು ಕೆರೆದು ಹೊಸದಾಗಿ ಹಚ್ಚುವುದು ಬೇಡ. ಅದರಲ್ಲಿ ಸೀಸವಿರಬಹುದಾದ್ದರಿಂದ ಆರೋಗ್ಯಕ್ಕೂ ಅಪಾಯ, ಸವೆತದ ಸಾಕ್ಷಿಯೂ ಅಳಿಸಿಹೋಗುತ್ತದೆ. ಮೂಲ ಡಬ್ಬಿ ಉಳಿದಿದ್ದರೆ ಅದರ ಮುಚ್ಚಳದ ಒಳಬದಿಯನ್ನು ಮರೆಯದೆ ಪರೀಕ್ಷಿಸಿ, ಪೆನ್ಸಿಲಿನಲ್ಲಿ ಬರೆದ ಹೆಸರೋ ಇಸವಿಯೋ ಅಲ್ಲಿ ಇರುವ ಸಾಧ್ಯತೆ ಇದೆ.